ಅಳಿಯಾನ ಕಾಲು ಹಿಡದಾಂವ ಯಾರ ಟೀಮಿನಾಂವ?

ಇಲ್ರಿ ಅಧ್ಯಕ್ಷ ಸಾಹೇಬ್ರ, ಅದು ಗೂಂಡಾಗಿರಿ ಅಲ್ಲ, ಅದು ಆಂಕಲ್ ಹೋಲ್ಡ್. ಕಬಡ್ಡಿಯೊಳಗ ರೇಡ್ ಮಾಡಾಕ ಬಂದಾವನ ಪಾದದ ಮ್ಯಾಲಿನ ಗಂಟು ಹಿಡದು ಕೆಡವೂದಕ್ಕ ಹಂಗಂತಾರ. ನೀವು ಸೀಮಾ ಚಷಕ ಕಬಡ್ಡಿ ಲೀಗಿನ ಅಧ್ಯಕ್ಷರು. ನಿಮಗ ಇದನ್ನ ಎಡಗಡಿ ಕಾರ್ನರ್ ಆಡೂ ಹುಡುಗಾ ಹೇಳಿಕೊಡೂ ಹೊತ್ತು ಬಂತಂದ್ರ ನಾ ನಗಬೇಕೋ ಅಳಬೇಕೋ ತಿಳೀವಲ್ದು. ಮೊನ್ನಿ ಫೋನಿನ್ಯಾಗ ನೀವಂದ್ರಿ, "ಏ ಬೀರ್ಯಾ, ಊರ ಅಳಿಯಾನ ಕಾಲಿಗೆ ಕೈ ಹಾಕಿ ಮ್ಯಾಲ ನ್ಯಾಯಾ ಕೇಳ್ತಿ? ಅದು ಗೂಂಡಾಗಿರಿ." ಅಂದವ್ರ ಫೋನ್ ಇಟ್ರಿ. ನನ್ನ ಉತ್ತರಾ ಬಾಯಾಗನ ಉಳೀತು. ಅದಕ್ಕ ಇವತ್ತ ಅಕ್ಕಲಕೋಟದ ನಿಮ್ಮ ಆಫೀಸಿನ ಬೆಂಚಿನ ಮ್ಯಾಲ ಕುಂತು, ನಾಕು ಮಂದಿ ಓದೂಹಂಗ ಬರ್ಯಾಕತ್ತೀನಿ. ನಿಮ್ಮ ನೋಟೀಸು ಮರಾಠಿಯೊಳಗ ಬಂದೈತಿ. ನಂದು ಕನ್ನಡ ಸಾಲಿ, ಹತ್ತನೇತ್ತಾತನಕಾ. ಮರಾಠಿಯೊಳಗ ವ್ಯವಹಾರ ಮಾಡ್ತೀನಿ, ಆದ್ರ ಜಗಳಾ ನನಗ ಕನ್ನಡದಾಗನ ಚಂದ ಬರ್ತೈತಿ.

ತಕರಾರು ಏನಂದ್ರ, ನಾಗಣಸೂರಿನ ನಮ್ಮ ಬೀರದೇವ ಕ್ರೀಡಾ ಮಂಡಳದ ಜೋಡಿ ನಂದು ಮೂರು ಸೀಜನ್ನಿನ ಕರಾರು ಇತ್ತು. ಮುಗೀತು. ಕರಾರು ಮುಗದಾವನ ಹೆಸರು 'ಮೋಕಳಾ ಯಾದಿ', ಅಂದ್ರ ಬಿಡುಗಡಿ ಆದಾವರ ಪಟ್ಟಿಯೊಳಗ ಹಾಕಬೇಕು, ಅದರಾಗ ಹೆಸರಿದ್ದಾವನ್ನ ಯಾವ ಊರಿನ ಟೀಮರೆ ಕರಕೊಂಡು ಹೋಗಬಹುದು, ಇದು ನೀವ ಮಾಡಿದ ಕಾಯ್ದೆ. ಈ ಅಧಿಕ ಮಾಸ ಮುಗದ ದಿನ ಯಾದಿ ಬಂದ್. ಎಲ್ಲಾರ ಹೆಸರೂ ಬಂದಾವ. ಮೊಣಕಾಲ ಮುರಕೊಂಡು ಹಾಸಗಿ ಹಿಡದಾವನ ಹೆಸರೂ ಬಂದೈತಿ. ನಂದಿಲ್ಲ. ನಮ್ಮ ಮಂಡಳದವರು ನನ್ನ ಆಡಸಂಗಿಲ್ಲ ಅಂತಾರ, ನೀವು ಬಿಡಂಗಿಲ್ಲ ಅಂತೀರಿ. ಎಸ್.ಟಿ. ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟುಹೋದ ಗಂಟಿನಂಗ ಆಗೀನಿ. ಕಳಕೊಂಡಾಂವ ಹುಡುಕ್ಕೋತ ಬರವಲ್ಲ, ಸಿಕ್ಕಾವಗ ಎತ್ತಿಕೊಳ್ಳಾಕ ಪರವಾನಗಿ ಇಲ್ಲ. ನೋಟೀಸಿನ್ಯಾಗ ಎಂಥಾ ಭಾರೀ ಮಾತು ಬರದೀರಿ ಮತ್ತ! ಜಾವಾಯಿ, ಅಂದ್ರ ಅಳಿಯಾ, ಅನ್ನೂ ಶಬ್ದಾ ಹಂಗ ಇಟ್ಟು ಕನ್ನಡಕ್ಕ ತಂದ್ರ ಹಿಂಗ: 'ಸದರಿ ಆಟಗಾರನು ಗ್ರಾಮದ ಆದರಣೀಯ ಜಾವಾಯಿಯವರೊಂದಿಗೆ ಅಸಭ್ಯವಾಗಿ ವರ್ತಿಸಿದ್ದು, ಸದರಿ ಜಾವಾಯಿಯವರ ಮುನಿಸು ಇಳಿಯುವವರೆಗೆ ಆತನ ಬಿಡುಗಡೆಯನ್ನು ತಡೆಹಿಡಿಯಲಾಗಿದೆ.' ಮುನಿಸು ಇಳಿಯೂತನಕಾ ಅಂತ! ಮುನಿಸೇನು ಜ್ವರಾ ಏನ್ರಿ, ಕಂಕಳಾಗ ಕಡ್ಡಿ ಇಟ್ಟು ನೋಡಾಕ?

ಗೊತ್ತಿಲ್ಲದಾರಿಗೆ ಮೊದಲಿಂದ ಹೇಳ್ತೀನಿ. ಹೋದ ಮಳಿಗಾಲದಾಗ, ಆಟ ಬಂದ್ ಇದ್ದಾಗ, ಎಲ್ಲಾ ಊರಿನ ಮ್ಯಾನೇಜರ್‌ಗೋಳು ಚಲೋ ರೇಡರ್ ಎಲ್ಲಿ ಸಿಗ್ತಾರಂತ ಹುಡುಕ್ಕೋತ ಅಡ್ಡಾಡಿದ್ರು. ಕರಜಗಿಯವರು ಮಾತ್ರ ಆಟ ನೋಡಲೇ ಇಲ್ಲ. ಯಾರು ಯಾವ ಊರಿಂದ ಹೆಣ್ಣು ತಂದಾರ ಅಂತ ವಿಚಾರಿಸಿ ಟೀಮ್ ಕಟ್ಟಿದ್ರು. ಎದುರಿನ ಒಂದೊಂದು ಊರಿಗೆ ಆ ಊರಿನ ಒಬ್ಬೊಬ್ಬ ಅಳಿಯಾ! ಯಾಕಂದ್ರ ನಮ್ಮ ಕಡಿ ರಿವಾಜು ನಿಮಗ ಗೊತ್ತೈತಿ. ಅಳಿಯಾ ಊರಿಗೆ ಬಂದ್ರ ಮೊದಲ ಕಾಲಿಗೆ ನೀರು ಕೊಡ್ತೀವಿ, ಅಧಿಕ ಮಾಸದಾಗ ಕಾಲು ತೊಳದು ಕುಂಕುಮ ಹಚ್ತೀವಿ. ಅದ ಕಾಲು ಹಿಡದು ಅವನ್ನ ಮಣ್ಣಾಗ ಕೆಡವೂ ಧೈರ್ಯ ಯಾರಿಗೈತಿ? ಹಿಂಗಾಗಿ ಕರಜಗಿಯವರು ಒಂದೂ ಮ್ಯಾಚ್ ಸೋಲದ ಫೈನಲ್ಲಿಗೆ ಬಂದ್ರು. ಎದುರಿಗೆ ನಾವು. ಮತ್ತ ನಮ್ಮ ಪಾಲಿನ ಅಳಿಯಾ ಯಾರಂದ್ರ ಯೋಗಿರಾಜ, ಕರಜಗಿಗೆ ಕೊಟ್ಟ ನನ್ನ ಸ್ವಂತ ಅಕ್ಕ ಪ್ರಣಿತಕ್ಕನ ಗಂಡ. ನಾವು ದಾಜಿ ಅಂತೀವಿ. ಖರೇ ಹೇಳಬೇಕಂದ್ರ ದಾಜಿ ಸಾಧಾರಣ ರೇಡರ್. ಬ್ಯಾರೇ ಊರ ಎದುರಿಗೆ ಗೆರಿ ಮುಟ್ಟಿ ಓಡಿ ಬರ್ತಾರ. ನಮ್ಮೂರ ಎದುರಿಗೆ ಮಾತ್ರ ಅಂಗಳದಾಗ ಅಡ್ಡಾಡಿದಂಗ ಅಡ್ಡಾಡ್ತಾರ.

ಕಡೀ ರೇಡ್. ನಾವು ಒಂದ ಪಾಯಿಂಟ್ ಮುಂದ. ದಾಜಿ ಗೆರಿ ದಾಟಿ ಬಂದ್ರು. ನಮ್ಮ ಕ್ಯಾಪ್ಟನ್ ಸಿದ್ದೇಶ್ವರ, ಹುಲಿ ಅಂತ ಹೆಸರು ತಗೊಂಡಾಂವ, ಎರಡು ಹೆಜ್ಜಿ ಹಿಂದ ಸರದು, "ಬರ್ರಿ ದಾಜಿ, ಅರಾಮದೀರಿ? ಮನಿಯಾಗ ಎಲ್ಲಾರೂ ಅರಾಮ?" ಅಂದ. ಪಾಪ, ದಾಜಿ ಉತ್ತರಾ ಕೊಡೂಹಂಗಿಲ್ಲ, ಕೊಟ್ರ ದಮ್ ಮುರೀತೈತಿ. 'ಕಬಡ್ಡಿ ಕಬಡ್ಡಿ' ಅನಕೋತನ ತಲಿ ಅಲ್ಲಾಡಿಸಿ ಅರಾಮ ಅಂತ ತೋರಿಸಿದ್ರು. ನಡಬರಕ ಇದ್ದ ನಮ್ಮ ಇನ್ನೊಬ್ಬ ಹುಡುಗ, ಮನಿಗೆ ಬಂದ ಪಾವಣ್ಯಾರ ಮುಂದ ಬರೇ ಮೈಲೆ ನಿಂತಿದ್ದಕ್ಕ ನಾಚಿ ಎದಿ ಮ್ಯಾಲ ಕೈ ಕಟ್ಟಿದ. ದಾಜಿ ಅವನ್ನ ಮುಟ್ಟಿದ್ರು. ಸಿದ್ದೇಶ್ವರನ್ನ ಮುಟ್ಟಿದ್ರು. ಮುಟ್ಟಿಸ್ಕೊಂಡಾವರು ಆಶೀರ್ವಾದ ಸಿಕ್ಕಂಗ ತಲಿ ಬಾಗಿಸಿದ್ರು. ದಾಜಿ ತಿರುಗಿದ್ರು. ಗೆರಿ ಇನ್ನ ಎರಡು ಹೆಜ್ಜಿ ಐತಿ. ನಂದೇನು ತಪ್ಪು ಹೇಳ್ರಿ? ಸೋಲಾಪುರದ ಮಾರ್ಕೆಟ್ ಯಾರ್ಡಿನ್ಯಾಗ ದಿನಾ ಉಳ್ಳಾಗಡ್ಡಿ ಚೀಲ ಎತ್ತೂ ಕೈ ಇದು. ಮುಂದ ಬಂದದ್ದನ್ನ ಹಿಡಿಯೂದು ಇದಕ್ಕ ಗೊತ್ತು, ಬೀಗರು ಯಾರು ಅಂತ ಕೇಳೂದು ಗೊತ್ತಿಲ್ಲ. ಹಿಡೀತು. ದಾಜಿ ಬೋರಲು ಬಿದ್ರು. ರೆಫ್ರಿ ಸೀಟಿ ಊದಿದ. ನಾವು ಗೆದ್ವಿ. ಒಬ್ಬರರೆ ಚಪ್ಪಾಳಿ ಹೊಡದ್ರೇನು? ಮಣ್ಣಿಗೆ ಹೋದಾಗ ನಿಲ್ತಾರಲ್ಲ, ಹಂಗ ನಿಂತಿದ್ರು ಜನಾ. ಅವಾಗ ಮಂಟಪದಿಂದ ಮೈಕಿನ್ಯಾಗ ನಿಮ್ಮ ದನಿ ಬಂತು: "ಏ, ಅಳಿಯಾರನ್ನ ಎತ್ರೋ! ನೀರು ತರ್ರೋ!" ಎದುರಿನ ಟೀಮಿನಾವರಲ್ಲ, ನಮ್ಮ ಟೀಮಿನಾವರ ಓಡಿಹೋಗಿ ಎತ್ತಿದ್ರು. ಕಪ್ ಹಿಡಕೊಂಡು ತಗಸಿದ ಫೋಟೋದಾಗ ನಂದು ಬರೇ ಮೊಣಕೈ ಬಂದೈತಿ. ನಾಗಣಸೂರಿಗೆ ಕಪ್ ಬಂತು, ಅದನ್ನ ತಂದಾವ ಊರಿಗೆ ಬ್ಯಾಡಾದ.

ಈಗ ಅಧಿಕ ಮಾಸ ಬಂತು. ಇಡೀ ತಾಲೂಕಿನ್ಯಾಗ ಅಳಿಯಂದಿರ ರಾಜ್ಯಾ. ನಮ್ಮವ್ವ ಮುಕ್ತಾಬಾಯಿ ಹೂರಣ ತುಂಬಿದ ದೋಂಡೆ ಮಾಡಿ, ಹೊಸಾ ಅರಿವಿ ತಂದಿಟ್ಟು, ಅಳಿಯಾ ಮಗಳು ಬರ್ತಾರಂತ ಬಾಗಲದಾಗ ಕುಂತ್ಲು. ಬರಲಿಲ್ಲ. ದಾಜಿಯವರ ಅಪ್ಪ ಹೇಳಿ ಕಳಿಸಿದ್ರಂತ: "ಕಾಲು ತೊಳಿಯಾಕ ಕರೀತಾರೋ, ಮುರಿಯಾಕ ಕರೀತಾರೋ?" ಅವ್ವ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡ್ಲು. ನಮ್ಮಪ್ಪ ನಿಂಗಣ್ಣ ಕಪ್ಪಿನ ಕಡಿ ಕೈ ಮಾಡಿ, "ಹೋಗೋ ಮಗನ, ದೋಂಡೆ ಅದರಾಗ ಹಾಕ್ಕೊಂಡು ತಿನ್ನು" ಅಂದ. ಒಬ್ಬನ ತಿಂದೆ. ಆರು ಇಳದ್ವು, ಏಳನೇದನ್ನ ತಿರುಗಿ ಬುಟ್ಟಿಯಾಗ ಇಟ್ಟೆ. ಅಕ್ಕಗ ತವರಿನ ಬಾಗಲಾ ಮುಚ್ಚಿದ್ದು ನನ್ನ ಈ ಕೈಯಿಂದ ಅನಿಸ್ತು.

ಆದ್ರ ಕೇಳ್ರಿ, ನಿಮ್ಮ 'ಸದರಿ ಜಾವಾಯಿಯವರು' ಹೋದ ವಾರ ಉಳ್ಳಾಗಡ್ಡಿ ಗಾಡಿ ಜೋಡಿ ಸೋಲಾಪುರಕ್ಕ ಬಂದಿದ್ರು. ನಾ ಚೀಲದ ಹಿಂದ ಅಡಗಿದೆ. ಅಲ್ಲೇ ಬಂದು ಹಿಡದ್ರು.

"ಏ ಬೀರಣ್ಣಾ, ಗಂಟು ಇನ್ನೂ ನೂಸ್ತೈತಿ ಮಾರಾಯಾ. ಏನ್ ಹಿಡಿತೋ ಅದು!"

"ತಪ್ಪಾತ್ರಿ ದಾಜಿ."

"ಎದರ ತಪ್ಪು? ಏಳು ಮಂದಿಯೊಳಗ ನೀ ಒಬ್ಬನ ನನ್ನ ರೇಡರ್ ಅಂತ ತಿಳದಿ. ಉಳದಾವರು ಪಾವಣ್ಯಾ ಅಂತ ತಿಳದು ದಾರಿ ಬಿಟ್ರು. ಗೆದ್ದು ಮನಿಗೆ ಹೋದ್ರ ನಿಮ್ಮಕ್ಕ ನಗತಿದ್ಲು, ಗೊತ್ತೈತೇನು? 'ನನ್ನ ತವರಿನವರ ಮರ್ಯಾದಿ ಮ್ಯಾಲ ಪಾಯಿಂಟ್ ತಗೋತೀರಿ' ಅಂತ."

"ಹಂಗಾರ ಈ ಮುನಿಸು ಯಾರದ್ರಿ?"

"ಅದು ನಮ್ಮಪ್ಪಂದು. ನಾ ಮುನಿಸ್ಕೊಂಡಿಲ್ಲ ಅಂದ್ರ ಅವರ ಮಾನಾ ಹೋಗ್ತೈತಿ. ಅದಕ್ಕ ಮನಿಯಾಗಷ್ಟ ಮುನಿಸ್ಕೊಂಡು ಅಡ್ಡಾಡ್ತೀನಿ. ನೀ ಒಂದ ಕೆಲಸಾ ಮಾಡು. ಮುಂದಿನ ಸೀಜನ್ ನಮ್ಮ ಟೀಮಿಗೆ ಬಾ. ನಾ ಮುಂದ ಹೋಗಿ ಮುಟ್ತೀನಿ, ನೀ ಹಿಂದ ಹಿಡಿ. ನನ್ನ ಕಾಲೂ ಉಳೀತೈತಿ, ನಿಮ್ಮಕ್ಕನ ತವರೂ ಉಳೀತೈತಿ. ಅಪ್ಪಗೂ ಹೇಳೀನಿ, 'ಆ ಕೈ ನಮ್ಮ ಕಡಿ ಬಂದ್ರ ನಡೀತೈತಿ' ಅಂದಾರ."

ಅಂದ್ರ ಏನಾತ್ರಿ ಸಾಹೇಬ್ರ? ಮುನಿಸು ಇಳದ್ರ ಯಾದಿಗೆ ಹಾಕ್ತೀನಿ ಅಂತೀರಿ ನೀವು. ಯಾದಿಗೆ ಬಂದ್ರ ಮುನಿಸು ಇಳೀತೈತಿ ಅಂತಾರ ಅವರು. ನಡಕ ನಾ, ನಮ್ಮಕ್ಕ, ಮತ್ತ ಒಂದು ಬುಟ್ಟಿ ದೋಂಡೆ.

ಜಗತ್ತಿನ್ಯಾಗ ಎಲ್ಲಾ ಕಡಿ ಹಿಂಗ ಇರಂಗಿಲ್ಲ. ನನ್ನ ಜೋಡಿ ಚೀಲಾ ಎತ್ತೂ ಸ್ವಪ್ನಿಲ ಮೊಬೈಲಿನ್ಯಾಗ ತೋರಿಸಿದ. ಅಮೇರಿಕಾದಾಗ ಬೇಸ್‌ಬಾಲ್ ಅಂತ ಒಂದು ಆಟ ಐತಿ. ನಮ್ಮ ಚಿಣಿಕೋಲಿಗೂ ಕ್ರಿಕೆಟ್ಟಿಗೂ ಲಗ್ನಾ ಮಾಡಿದಂಗ ಕಾಣ್ತೈತಿ. ಆಟದ ನಿಯಮ ನನಗ ತಿಳೀಲಿಲ್ಲ, ಆದ್ರ ಆಟ ಬಂದ್ ಇದ್ದಾಗಿನ ನಿಯಮ ಲಗೂನ ತಿಳೀತು. ಅಲ್ಲಿ ಆರು ವರ್ಷ ಆಡಿ ಕರಾರು ಮುಗೀತಂದ್ರ ಆಟಗಾರ 'ಫ್ರೀ ಏಜೆಂಟ್'. ಥಂಡಿ ದಿನದಾಗ ಮನಿಯಾಗ ಕುಂತಿರ್ತಾನ, ಟೀಮಿನಾವರ ಫೋನ್ ಮ್ಯಾಲ ಫೋನ್ ಮಾಡ್ತಾರ. ನಮ್ಮ ಕಡಿ ಬಾ, ನಮ್ಮ ಕಡಿ ಬಾ. ಅವನ ರಟ್ಟಿ ನೋಡ್ತಾರ, ಓಟ ನೋಡ್ತಾರ, ಎಲ್ಲಿ ಯಾರು ಕಮ್ಮಿ ಅದಾರ, ಇವನ್ನ ಎಲ್ಲಿ ಕೂಡಸಬೇಕಂತ ಲೆಕ್ಕಾ ಹಾಕ್ತಾರ. "ಅವನ ಮಾವ ಯಾರು?" ಅಂತ ಒಬ್ಬರೂ ಕೇಳಂಗಿಲ್ಲ! ಸ್ವಪ್ನಿಲಗ ಅಂದೆ, "ಲೇ, ನಾನೂ ಫ್ರೀ ಏಜೆಂಟ್ ಆಗ್ಬೇಕಲ್ಲೋ." ಅವಾ ಅಂದ, "ನೀ ಬರೇ ಫ್ರೀ ಅದೀಯೋ, ಏಜೆಂಟ್ ಇಲ್ಲ. ಮದ್ಲ ಆ ಚೀಲಾ ಎತ್ತು."

ಏಜೆಂಟ್ ಸುದ್ದಿ ಬಂತಂತ ಹೇಳ್ತೀನಿ, ನಿಮ್ಮ ಲೀಗು ಎಲ್ಲಿಗೆ ಬಂದು ನಿಂತೈತಿ ನೋಡ್ರಿ. ಕರಜಗಿಯವರ ಯುಕ್ತಿ ನೋಡಿ ಉಳದಾವರೂ ಈ ಮಳಿಗಾಲ ಅದ ದಾರಿ ಹಿಡದಾರ. ಅಕ್ಕಲಕೋಟದ ಟೀಮಿನ ಮ್ಯಾನೇಜರ್ ಅಣ್ಣಾರಾಯ ಕಾಕಾ ನಮ್ಮ ಮನಿಗೆ ಬಂದ್ರು. ಒಂದ ಕೈಯಾಗ ಟೀಮಿನ ಜರ್ಸಿ, ಇನ್ನೊಂದ ಕೈಯಾಗ ಹುಡುಗಿ ಫೋಟೋ. "ನಿಂಗಣ್ಣಾ, ನಿನ್ನ ಮಗಗ ಕರಜಗಿ ಹೆಣ್ಣು ತರೂಣು. ಊರ ಅಳಿಯಾ ಹಿಡದ್ರ ಕರಜಗಿ ರೇಡರ್‌ಗೋಳು ಒದ್ದಾಡಿ ಬಿಡಿಸ್ಕೊಳ್ಳಾಕ ಬರಂಗಿಲ್ಲ, ನಿಂತಲ್ಲೇ ನಿಲ್ತಾರ." ನಮ್ಮಪ್ಪಗ ಹಿಗ್ಗೋ ಹಿಗ್ಗು. ಮೂರು ವರ್ಷದಿಂದ ನನಗ ಹೆಣ್ಣು ಕೊಡ್ತೀನಿ ಅಂತ ಬಂದಾಂವ ಇವನ ಒಬ್ಬ. ಕನ್ಯಾ ನೋಡಾಕ ಹೋದ್ವಿ. ಹುಡುಗಿ ಹೆಸರು ಪೂನಮ. ಚಾದ ತಾಟು ಇಟ್ಟು ನಿಂತು, ಎಲ್ಲಾರೂ ಕೇಳೂಹಂಗ ಕೇಳಿದ್ಲು, "ಈ ಲಗ್ನಾ ಎಷ್ಟ ಸೀಜನ್ನಿಗರಿ?"

ಅಣ್ಣಾರಾಯ ಕಾಕಾನ ಚಾ ಮೂಗಿನ್ಯಾಗ ಹೋತು. ಆಕಿ ಬಿಡಲಿಲ್ಲ. "ಕರಾರು ಮುಗದಮ್ಯಾಲ ನಾನೂ ಮೋಕಳಾ ಏನು? ನನ್ನ ತಮ್ಮ ಸೂರಜ ರೇಡರ್ ಅದಾನ. ಅವಾ ನಿಮ್ಮ ಕೈಯಾಗ ಕಟ್ಟಿಹಾಕಿದ ಆಡಿನಂಗ ಸುಮ್ಮನ ನಿಂತ್ರ ನಾ ಅವನ ಮಾರಿ ನೋಡಂಗಿಲ್ಲ. ಬಿಡಿಸ್ಕೊಂಡು ಹೋದ್ರ ನಿಮ್ಮ ಮಾರಿ ನೋಡಂಗಿಲ್ಲ." ನಾ, ಚಾ ಚಲೋ ಆಗೈತ್ರಿ ಅಂದೆ. ಹೊರಗ ಬಂದು ಅಣ್ಣಾರಾಯ ಕಾಕಾ ಅಂದ್ರು, "ಹುಡುಗಿ ತ್ರಾಸಿಂದು. ಇರಲಿ, ಮದ್ಲ ನಿನ್ನ ಹೆಸರು ಯಾದಿಗೆ ಬರಲಿ, ಆಮ್ಯಾಲ ಅಕ್ಷತಾ." ನೋಡ್ರಿ ಸಾಹೇಬ್ರ, ನಿಮ್ಮ ಒಂದು ಸಹಿ ಇಲ್ಲಂದ್ರ ನನಗ ಲಗ್ನಾನೂ ಆಗೂಹಂಗಿಲ್ಲ. ಆ ಟೀಮಿಗೆ ನಾ ಹೋಗಂಗಿಲ್ಲ ಅಂತ ಹೇಳಿಬಿಟ್ಟೀನಿ, ಹೋದ್ರ ಮತ್ತ ದಾಜಿ ಕಾಲು ನನ್ನ ಕೈಗೆ ಬರ್ತೈತಿ. ಆ ಹುಡುಗಿ ಕೇಳಿದ ಮಾತು ಮಾತ್ರ ತಲಿಯಾಗಿಂದ ಹೋಗವಲ್ದು. ಅದು ನಿಮ್ಮ ಸಮಿತಿಗೆ ಸಂಬಂಧ ಇಲ್ಲದ ಬಾಬತ್ತು, ಬಿಡ್ರಿ.

ಮುಂಜಾನಿಂದ ಇಲ್ಲೇ ಕುಂತೀನಿ. ಕಸಾ ಹೊಡಿಯೂ ಸುಮಿತ್ರಾಬಾಯಿ ನನ್ನ ಕಾಲ ಕೆಳಗಿನ ಕಸಾನೂ ಹೊಡದು ಹೇಳಿದ್ಲು, "ತಮ್ಮಾ, ಕಾದು ಉಪಯೋಗಿಲ್ಲ. ಸಾಹೇಬ್ರು ಸೋಲಾಪುರಕ್ಕ ಅತ್ತಿಮನಿಗೆ ಹೋಗ್ಯಾರ, ದೋಂಡೆ ಉಣ್ಣಾಕ."

"ಯಾವಾಗ ಬರ್ತಾರಬೇ?"

"ಅಳಿಯಾನ್ನ ಅವರು ಬಿಟ್ಟಾಗ."

ಅಂದ್ರ ನಿಮ್ಮ ಕಾಲು ಈಗ ತಾಟಿನ್ಯಾಗ ಐತಿ, ಅತ್ತಿ ಮಾವ ನೀರು ಹಾಕಾಕತ್ತಾರ. ಉಣ್ರಿ. ನನಗೇನು ಹೊಟ್ಟಿಕಿಚ್ಚಿಲ್ಲ. ಆದ್ರ ಒಂದ ಮಾತು. ಆ ಕಾಲಿಗೆ ಮರ್ಯಾದಿ ಅತ್ತಿಮನಿ ಹೊಸ್ತಿಲದಾಗ. ನಾಳೆ ನೀವು ಚಡ್ಡಿ ಹಾಕ್ಕೊಂಡು ನನ್ನ ಅಂಗಳಕ್ಕ ರೇಡಿಗೆ ಬಂದ್ರಿ ಅನ್ರಿ, ಸುಳ್ಳ ಹೇಳಂಗಿಲ್ಲ, ಹಿಡೀತೀನಿ. ಗೆರಿ ಒಳಗ ಇರೂತನಕಾ ರೇಡರ್, ಗೆರಿ ದಾಟಿದಮ್ಯಾಲ ಅಳಿಯಾ. ಹೊರಗ ಬಂದ್ರ ನಾನ ಚರಿಗಿ ತಂದು ಕಾಲಿಗೆ ನೀರು ಕೊಡ್ತೀನಿ, ಬೇಕಾದ್ರ ಎಣ್ಣಿ ಹಚ್ಚಿ ಗಂಟೂ ತಿಕ್ತೀನಿ. ಇದನ್ನ ಕಾಯ್ದೆ ಪುಸ್ತಕದಾಗ ಬರೀರಿ. ಬರ್ಯಾಕ ಆಗಂಗಿಲ್ಲಂದ್ರ ಬ್ಯಾಡ, ನನ್ನ ಹೆಸರಷ್ಟ ಯಾದಿಯೊಳಗ ಬರೀರಿ, ಅಧಿಕ ಮಾಸ ಮುಗಿಯೂದ್ರಾಗ. ಕರಜಗಿಗೆ ಹೋಗ್ತೀನಿ. ಮಗಳ ಕೊಟ್ಟ ಮನಿಯಾಗ ಉಣಬಾರದು ಅಂತ ಅವ್ವ ಅಂತಾಳ, ನಾ ಡಬ್ಬಿ ಕಟ್ಟಿಕೊಂಡು ಹೋಗ್ತೀನಿ. ಬರೂ ಅಧಿಕ ಮಾಸ ಮೂರು ವರ್ಷಕ್ಕರಿ. ಅಲ್ಲೀತನಕಾ ನಮ್ಮಕ್ಕನ್ನ ಕಾಯಿಸಬ್ಯಾಡ್ರಿ.

ಇಂತಿ,
ಯಾವ ಟೀಮಿನಾಂವನೂ ಅಲ್ಲ, ಯಾರ ಮನಿ ಅಳಿಯಾನೂ ಅಲ್ಲ,
ಕಪ್ಪಿನ ಫೋಟೋದಾಗಿನ ಮೊಣಕೈ,
ಬೀರಣ್ಣ ನಿಂಗಣ್ಣ, ನಾಗಣಸೂರ

ತಾ.ಕ.: ಈ ಪತ್ರಾ ನಿಮ್ಮ ಟೇಬಲ್ ಮ್ಯಾಲ ಇಡೂದಿತ್ತು. ಅಲ್ಲಿ ಇಟ್ಟದ್ದು ಏನಾಗ್ತೈತಿ ಅಂತ ಸುಮಿತ್ರಾಬಾಯಿ ಕಸದ ಬುಟ್ಟಿ ತೋರಿಸಿದ್ಲು. ಅದಕ್ಕ ಆಕಿ ಕಡಿಂದನ ಅಂಟಸೂ ಖಳಿ ಇಸ್ಕೊಂಡು ಬಾಗಲದ ಹೊರಗಿನ ಮಗ್ಗಲಾ ಹಚ್ಚೀನಿ. ಬಾಗಲಾ ಹೊರಗಿನ ಕಡಿ ತಗದಿದ್ರ ಇದು ಗ್ವಾಡಿಗೆ ಮಾರಿ ಮಾಡ್ತೈತಿ, ಯಾರಿಗೂ ಕಾಣಂಗಿಲ್ಲ. ಹಿಂಗಾಗಿ ನಾ ಹೊರಗ ಬಂದು ಬಾಗಲಾ ಹಾಕ್ಕೊಂಡು ಹೊಂಟೀನಿ. ನೀವು ದೋಂಡೆ ಉಂಡು ಬಂದು ಒಳಗ ಹೋಗಬೇಕಂದ್ರ, ಮದ್ಲ ನನ್ನ ಮುಂದ ನಿಲ್ಲಬೇಕಾಗ್ತೈತಿ.