ಮೂಗಪ್ಪನ ಗಿಮ್ಲೆಟ್

ಫೆಬ್ರವರಿ 11, ಬುಧವಾರ, ಮಧ್ಯಾಹ್ನ

ಪಾತ್ರೆ ತೊಳೆದಾಯಿತು. ಇವತ್ತೂ ಸೂಪ್ ಕುಡಿದು ಅಂದ — "ಚೆನ್ನಾಗಿದೆ ಕಣೇ." ಸತತ ಒಂಬತ್ತನೇ ದಿನ!

ಗಂಡನನ್ನು ಬಾಯಲ್ಲಿ "ರೀ" ಅನ್ನುತ್ತೇನೆ. ಈ ಡೈರಿಯಲ್ಲಿ ಮೂಗಪ್ಪ, ಏಕವಚನ. ಸೋಪ್ ಫ್ಯಾಕ್ಟರಿಯಲ್ಲಿ ಸುಗಂಧ ಬೆರೆಸುವ ಕೆಲಸ, ಮೂಗೇ ಅನ್ನ ಹಾಕುವುದು. ಹತ್ತೊಂಬತ್ತು ವರ್ಷ ನನ್ನ ಪ್ರತಿ ತಟ್ಟೆಯನ್ನೂ ಮೂಸಿ ಮೂಗು ಮುರಿದ. "ಈರುಳ್ಳಿ ಸೀದಿದೆ." "ಎಣ್ಣೆ ಹಳೇದು." ಹೋದ ತಿಂಗಳು ಜ್ವರ ಬಿಟ್ಟು ಎದ್ದಮೇಲೆ ಈ ಬದಲಾವಣೆ. ನಾಚಿಕೆ ಬಿಟ್ಟು ಬರೆಯುತ್ತೇನೆ — ಕನ್ನಡಿ ಮುಂದೆ ಒಬ್ಬಳೇ ನಕ್ಕೆ.

ಫೆಬ್ರವರಿ 13

ಮಹಡಿ ಮೇಲೆ ಬಟ್ಟೆ ಹರವುತ್ತಿದ್ದೆ. ಕರಕಲು ವಾಸನೆ. ಓಡಿ ಬಂದರೆ ಆಲೂಗಡ್ಡೆ ಇದ್ದಿಲಾಗಿದೆ, ಒಲೆಯಿಂದ ಎರಡು ಮಾರು ದೂರದಲ್ಲಿ ಮೂಗಪ್ಪ ಪೇಪರ್ ಓದುತ್ತಾ ಕೂತಿದ್ದಾನೆ!

ಕರ್ಚೀಫಿಗೆ ಸೀಮೆಎಣ್ಣೆ ಮುಟ್ಟಿಸಿ ಹಿಡಿದೆ. "ಹೊಸ ಸೆಂಟು ರೀ, ಹೇಗಿದೆ?"

"ಹೂವಿನದ್ದಲ್ವಾ? ಚೆನ್ನಾಗಿದೆ."

ಅಯ್ಯೋ ಪಾಪ ಅನ್ನಬೇಕಿತ್ತು. ಅನ್ನಿಸಲಿಲ್ಲ. ಹೊಟ್ಟೆ ಉರಿಯಿತು. ಹಾಗಾದರೆ ನನ್ನ ಸೂಪು? ಆ ಹನ್ನೊಂದು ದಿನದ "ಚೆನ್ನಾಗಿದೆ"?

ಫೆಬ್ರವರಿ 20, ಶುಕ್ರವಾರ

ನಾಳೆ ಸಂಜೆ ಫ್ಯಾಕ್ಟರಿ ಮ್ಯಾನೇಜರ್, ಅವರ ಹೆಂಡತಿ. ತಿಂಗಳಿಗೊಂದು ಸಲ ಮೂಗಪ್ಪನ ಗಿಮ್ಲೆಟ್ ದರ್ಬಾರು. ಜಿನ್ ಎರಡು ಪಾಲು, ನಿಂಬೆರಸ ಮುಕ್ಕಾಲು, ಸಕ್ಕರೆ ಪಾಕವೂ ಅಷ್ಟೇ. ಐಸ್ ಹಾಕಿ, ಶೇಕರ್ ಕೈ ಕೊರೆಯುವಷ್ಟು ತಣ್ಣಗಾಗುವವರೆಗೆ ಕುಲುಕಬೇಕು. ಅದಕ್ಕೂ ಮೊದಲು ಬಾಟಲಿಯ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಭಾಷಣ — ಜಿನ್ನಿಗೆ ಘಮ ಕೊಡುವ ಜೂನಿಪರ್ ಕಾಯಿ, ಅದು ಇದು. ಬಂದವರು ಕುಡಿದು ತಲೆದೂಗುವ ತನಕ ತಾನು ತುಟಿಗೂ ತಾಗಿಸುವುದಿಲ್ಲ. ಅದು ಅವನ ನೇಮ.

ಜಿನ್ ಎಲ್ಲ ಖಾಲಿ ವಿನೆಗರ್ ಬಾಟಲಿಗೆ ಸುರಿದೆ. ಜಿನ್ ಬಾಟಲಿಗೆ ನಲ್ಲಿ ನೀರು.

ಫೆಬ್ರವರಿ 22, ಬೆಳಗ್ಗೆ

ನಿನ್ನೆ ಬಾಟಲಿ ಮೂಸಿದ. ಉಸಿರೆಳೆದ. "ಆಹಾ! ಮೊದಲು ಜೂನಿಪರ್... ಹಿಂದೆನೇ ಕೊತ್ತಂಬರಿ ಬೀಜ... ಕೊನೇಲಿ ಕಿತ್ತಳೆ ಸಿಪ್ಪೆ." ಕುಲುಕಿದ, ಸೋಸಿದ, ಕೊಟ್ಟ.

ಮ್ಯಾನೇಜರ್ ಒಂದು ಗುಟುಕು ಕುಡಿದು ಹೆಂಡತಿ ಮುಖ ನೋಡಿದರು. ಆಕೆ ಕಿಸಕ್ಕನೆ ನಕ್ಕಳು. "ಇದು ಬರೀ ನಿಂಬೆ ಶರಬತ್ತು ಅಲ್ವೇನ್ರೀ!"

ಮೂಗಪ್ಪ ಕುಡಿದು ನೋಡಿದ. ಗಂಟಲು ಉರಿಯಲಿಲ್ಲ, ಗೊತ್ತಾಯಿತು. ಮುಖ ಸುಣ್ಣ. ಮ್ಯಾನೇಜರ್ ನಗಲಿಲ್ಲ. "ಹೋದ ವಾರ ಗುಲಾಬಿ ಸೋಪು ವಾಸನೆ ಸರಿಯಿಲ್ಲ ಅಂತ ವಾಪಸ್ ಬಂತಲ್ಲ... ಸೋಮವಾರ ಲ್ಯಾಬಿಗೆ ಬನ್ನಿ. ಒಂದು ಟೆಸ್ಟ್ ಮಾಡೋಣ."

ಅವರು ಹೋದಮೇಲೆ ಅಂದ, "ಅಂಗಡಿಯವನು ನೀರು ತುಂಬಿ ಕೊಟ್ಟಿದ್ದಾನೆ ಕಣೇ."

"ಹೌದು ರೀ. ಈಗಿನ ಕಾಲದಲ್ಲಿ ಯಾರನ್ನ ನಂಬೋದು ಹೇಳಿ?"

ಫೆಬ್ರವರಿ 24

ಸುಗಂಧ ಅದ್ದಿದ ಹತ್ತು ಕಾಗದದ ಪಟ್ಟಿ ಮೂಸಲು ಕೊಟ್ಟರಂತೆ. ಒಂದೂ ಹೇಳಲಾಗಲಿಲ್ಲ. ಕೆಲಸ ಹೋಯಿತು. ಸೋಫಾದ ಮೇಲೆ ಕೂತು ಮಗುವಿನ ಹಾಗೆ ಅತ್ತ. "ನಿನಗೆ ಮೊದಲೇ ಹೇಳ್ಬೇಕಿತ್ತು. ಆಡಿಕೊಳ್ತೀಯೇನೋ ಅಂತ ಭಯ ಆಯ್ತು."

ಬೆನ್ನು ಸವರಿದೆ. ಸಂತೋಷವಾಗಿತ್ತು. ಯಾರು ಓದುತ್ತಾರೆ ಇದನ್ನ, ಇನ್ನೊಂದು ಸಲ ಬರೆಯುತ್ತೇನೆ — ಸಂತೋಷವಾಗಿತ್ತು.

ಮಾರ್ಚ್ 19, ಗುರುವಾರ, ಬೆಳಗ್ಗೆ 11

ಡಾಕ್ಟರ್ ಹೇಳಿದ್ದು: ಮೂಗಿಗೂ ವ್ಯಾಯಾಮ ಬೇಕು. ದಿನಾ ನಾಲ್ಕು ಪುಟ್ಟ ಸೀಸೆ — ನಿಂಬೆ, ಲವಂಗ, ಗುಲಾಬಿ, ನೀಲಗಿರಿ. ನಡುಮನೆಯಲ್ಲಿ ಕೂತು ಮೂಸುತ್ತಾನೆ. ಏನೂ ಬರುವುದಿಲ್ಲ.

ನಾನು ಅಡುಗೆಮನೆಯಲ್ಲಿ. ವಿನೆಗರ್ ಬಾಟಲಿಯ ಜಿನ್ ಮುಗಿದು ಎರಡು ವಾರ, ಈಗಿನದು ನಾನೇ ತಂದ ಹೊಸದು. ದಿನಾ ಈ ಹೊತ್ತಿಗೆ ಒಂದು ಗಿಮ್ಲೆಟ್. ಅವನಿಗಿಂತ ಚೆನ್ನಾಗಿ ಮಾಡುತ್ತೇನೆ, ಪಾಕ ಸ್ವಲ್ಪ ಕಡಿಮೆ. ಪಕ್ಕದಲ್ಲೇ ನಿಂತು ಮಾತಾಡಿದರೂ ತಿಳಿಯುವುದಿಲ್ಲ ಪ್ರಾಣಿಗೆ.

ಕೂಗುತ್ತಿದ್ದಾನೆ. "ಏನೇ! ಬಂತು ಕಣೇ! ವಾಸನೆ ಬಂತು!" ಧ್ವನಿ ನಡುಗುತ್ತಿದೆ, ಅಳುತ್ತಿದ್ದಾನೆ.

"ಯಾವ ಸೀಸೆ ರೀ?"

"ಸೀಸೆ ಅಲ್ಲ. ಎಲ್ಲಾ ಮುಚ್ಚಿಟ್ಟಿದ್ದೀನಿ... ಅಡುಗೆಮನೆ ಕಡೆಯಿಂದ ಬರ್ತಿದೆ. ತಡಿ ತಡಿ... ಜೂನಿಪರ್..."

ಮಾತು ನಿಂತಿತು. ಕುರ್ಚಿ ಸರಿದ ಸದ್ದು. ಗ್ಲಾಸ್ ಚೆಲ್ಲಿದರೂ ಬಾಯಿಯ ವಾಸನೆ —