ಗಾಳಿಗೆ ಎದುರಾದ ಬಾವುಟ

ಅಮ್ಮಾ,

ಇವತ್ತು ಗಿರಾಕಿ ಬಂದು ನಮ್ಮ ಪುಟಾಣಿ ಗೊಂಬೆ ಸೈನಿಕರನ್ನು ನೋಡಿದರು. ಹೆಬ್ಬೆರಳಿನಷ್ಟೆತ್ತರದ ಇಪ್ಪತ್ತು ಜನ, ಆರು ಬಾವುಟ. ಐದು ನೀನು ಆಸ್ಪತ್ರೆಗೆ ಹೋಗುವ ಮೊದಲೇ ಮಾಡಿಟ್ಟದ್ದು, ಆರನೆಯದು ನನ್ನದು. ಕನ್ನಡಕ ಮೇಲೆತ್ತಿ, ಬಗ್ಗಿ ನೋಡಿದವರೇ ನಕ್ಕುಬಿಟ್ಟರು. "ಏನ್ರೀ ಇದು, ಇವನೊಬ್ಬನಿಗೆ ಮಾತ್ರ ಗಾಳಿ ಆ ಕಡೆಯಿಂದ ಬೀಸುತ್ತಾ?"

ಮೈಯೆಲ್ಲ ಉರಿಯಿತು. ನೋಡಿದರೆ, ಅವರು ಹೇಳಿದ್ದು ನಿಜ. ಎಲ್ಲರ ಕೋಟಿನ ಅಂಚೂ ಎಡಕ್ಕೆ ಹಾರುತ್ತಿದೆ, ನನ್ನ ಬಾವುಟ ಬಲಕ್ಕೆ.

ಅವರು ಹೋದಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹೊಸದು ಮಾಡಲು ಹೊರಟೆ. ತೆಳು ಕಾಗದದ ಎರಡೂ ಬದಿಗೆ ಬಣ್ಣ ಹಚ್ಚಿ, ಹಸಿಯಿರುವಾಗಲೇ ನಿನ್ನ ಹೆಣಿಗೆ ಕಡ್ಡಿಗೆ ಸುತ್ತಿ ಮಡಿಕೆ ಬರಿಸಿದೆ. ಮೂರು ಹಾಳಾದವು.

ಆವತ್ತು, ಆ ಆರನೆಯದಕ್ಕೆ ಬಣ್ಣ ಹಚ್ಚುತ್ತಿದ್ದಾಗ, ಆಸ್ಪತ್ರೆಯಿಂದ ಫೋನ್ ಮಾಡಿ ನೀನು ಕೇಳಿದ್ದೂ ಅದನ್ನೇ. "ಗಾಳಿ ಯಾವ ಕಡೆ ಅಂತ ನೋಡ್ಕೊಂಡ್ಯೇನೋ?"

"ಹ್ಞೂಂ ಕಣಮ್ಮ," ಎಂದೆ, ನೋಡದೆಯೇ.

"ಹಾಗಾದ್ರೆ ಬಾರೋ, ಸ್ವಲ್ಪ ಹೊತ್ತು ಕೂತಿದ್ದು ಹೋಗು."

"ಬಣ್ಣ ಒಣಗ್ಲಿ, ಬರ್ತೀನಿ."

ನಾನು ಬಂದಾಗ ನೀನಿರಲಿಲ್ಲ.

ನಾಲ್ಕನೆಯದು ಸರಿಬಂತು. ಎಡಕ್ಕೇ ಹಾರುತ್ತಿದೆ. ಈ ಸಲ ಗಡಿಯಾರ ಎದುರಿಗಿಟ್ಟುಕೊಂಡು ನೋಡಿದೆ, ಅಮ್ಮಾ. ಬಣ್ಣ ಒಣಗಲು ಹತ್ತು ನಿಮಿಷವೂ ಬೇಡ.