ಬಾಗಿಲ ಮೇಲಿನ ಏಳು ಹಕ್ಕಿಗಳು

ಕೋಚಾಸ್ ಚೀಕೋ
ಅಕ್ಟೋಬರ್ 14, 1996

ಪ್ರೀತಿಯ ತಂಗಿ ಬಿಬಿಯಾನಾಳಿಗೆ ಅಕ್ಕ ದೊನಾತಾಳ ಆಶೀರ್ವಾದಗಳು.

ಅಪ್ಪ ತೀರಿಹೋದ ಸುದ್ದಿ ಕಳಿಸಿದ ಮೇಲೆ ಆರು ತಿಂಗಳು ನಿನಗೊಂದು ಸಾಲು ಬರೆಯಲಿಲ್ಲ, ಕ್ಷಮಿಸು. ಆಲೂಗಡ್ಡೆ ಬಿತ್ತನೆಯ ನೆಪ ಹೇಳಬಹುದಿತ್ತು, ನೀನು ನಂಬುವವಳಲ್ಲ.

ನಾವು ಕ್ಷೇಮ. ಸೋದರತ್ತೆ ಕ್ಲೋತಿಲ್ದೆಗೆ ಮಂಡಿನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ಅವಳು ನೀನಿರುವ ಲಿಮಾಕ್ಕೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಅಪ್ಪನ ಕೊನೆಯ ಸೋರೆಬುರುಡೆ ಕಳಿಸುತ್ತಿದ್ದೇನೆ. ಕೆತ್ತಿದ್ದು ಅವನು. ಸುಟ್ಟ ಹುಲ್ಲಿನ ಬೂದಿಯನ್ನು ಕೊಬ್ಬಿನಲ್ಲಿ ಕಲಸಿ ಗೆರೆಗಳಿಗೆ ಕಪ್ಪು ತುಂಬಿದ್ದು ನಾನು.

ಅದರಲ್ಲಿ ನಮ್ಮ ಮನೆಯವರೆಲ್ಲ ಇದ್ದಾರೆ. ತೀರಿಹೋದ ಅಮ್ಮ ನೂಲು ತೆಗೆಯುತ್ತಿದ್ದಾಳೆ, ಅತ್ತೆ ಕತ್ತೆಯ ಜೊತೆ ಜಗಳಕ್ಕೆ ನಿಂತಿದ್ದಾಳೆ. ನನ್ನನ್ನು ಅಪ್ಪ ಒಂದೇ ಬೆಳಿಗ್ಗೆ ಮುಗಿಸಿಬಿಟ್ಟ. “ನಿನ್ನ ಮೂಗು ಕಣ್ಮುಚ್ಚಿಕೊಂಡು ಕೆತ್ತಬಹುದು ಕಣೇ” ಎಂದು ನಕ್ಕಿದ್ದ. ನಿನ್ನ ಮುಖ ಹುಡುಕಬೇಡ, ಸಿಗುವುದಿಲ್ಲ. ಅದರಲ್ಲಿ ಕೆತ್ತಿದ ಮನೆಬಾಗಿಲ ಮೇಲಿನ ಹಕ್ಕಿಗಳನ್ನು ಎಣಿಸು. ಏಳಿವೆ.

ಚಿಕ್ಕವರಿದ್ದಾಗ ನಮ್ಮಿಬ್ಬರಿಗೂ ಅವನು ಕಲಿಸಿದ್ದು ನೆನಪಿದೆಯಲ್ಲ, ಬುರುಡೆಯ ಮೇಲೆ ಉಳಿ ಜಾರಿದರೆ ಅಳಿಸುವಂತಿಲ್ಲ, ತಪ್ಪಿದ ಗೆರೆಗೆ ರೆಕ್ಕೆ ಹಚ್ಚಿ ಹಕ್ಕಿ ಮಾಡಬೇಕು ಅಂತ. ನಿನ್ನ ಮುಖ ಕೆತ್ತಲು ಅವನು ಏಳು ಸಲ ಕೂತ. ಏಳು ಸಲವೂ ಉಳಿ ಜಾರಿತು. “ಅವಳ ಮುಖ ಕಣ್ಣಿಗೆ ಬರ್ತದೆ, ಕೈಗೆ ಬರ್ತಿಲ್ಲ” ಅಂದ. ನೀನು ಹೇಳದೆ ಮದುವೆಯಾಗಿ ಹೋದೆ ಎಂಬ ಸಿಟ್ಟು ಅವನಲ್ಲಿ ಆಗಲೇ ಉಳಿದಿರಲಿಲ್ಲ.

ನವೆಂಬರ್ ಎರಡಕ್ಕೆ ಸತ್ತವರ ಹಬ್ಬ. ಮನಸ್ಸಾದರೆ ಬಾ, ಗೋರಿಗೆ ಇಬ್ಬರೂ ಸೇರಿ ಹೂ ಇಡೋಣ. ಬಾರದಿದ್ದರೂ ದೇವರು ನಿನ್ನನ್ನೂ ನಿನ್ನ ಗಂಡನನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ದೊನಾತಾ

ಇದನ್ನು ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ: ಹೋದ ವರ್ಷ ನೀನು, “ಅಪ್ಪ ಈಗ ಕೆತ್ತುತ್ತಿರುವ ಬುರುಡೆಯಲ್ಲಿ ನನ್ನನ್ನೂ ಕೆತ್ತಿದ್ದರೆ ಬರುತ್ತೇನೆ, ಇಲ್ಲದಿದ್ದರೆ ಅವನಿಗೆ ನಾನು ಬೇಡವೆಂದು ತಿಳಿಯುತ್ತೇನೆ” ಎಂದು ಬರೆದಿದ್ದೆ. ನಾನು “ನೀನಿಲ್ಲ” ಎಂದಷ್ಟೇ ಉತ್ತರ ಬರೆದೆ. ಆಗಲೇ ಆರು ಹಕ್ಕಿಗಳಿದ್ದವು. ಇಷ್ಟು ವರ್ಷ ಪಕ್ಕದಲ್ಲೇ ಕೂತ ನನಗೆ ಒಂದು ಬೆಳಿಗ್ಗೆ, ಬಿಟ್ಟುಹೋದವಳಿಗೆ ಇಡೀ ವರ್ಷವೇ ಎಂದು ನನ್ನ ಹೊಟ್ಟೆ ಉರಿದಿತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ನಿನ್ನ ಆ ಕಾಗದ ಹಿಡಿದುಕೊಂಡು “ಏನಂತೆ?” ಎಂದು ಕೇಳಿದ. “ಆರಾಮಾಗಿದ್ದಾಳಂತೆ” ಅಂದೆ. ಅವನು ತಲೆಯಾಡಿಸಿ, ಉಳಿ ಎತ್ತಿಕೊಂಡು ಏಳನೆಯ ಸಲ ಕೂತ.